ಶ್ರಾವಣದಲ್ಲಿ ಬಿಡಿಸಿದ ಬೀಡಿ

ಅಣ್ಣ ತೀರಿಹೋಗಿ ಮೂರು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ, “ನೀ ಭಾಳ ಮಾಡಿದಿ ಬಿಡವಾ ಅವಗ” ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಚಹಾ ಕೊಡುತ್ತೇನೆ.

ಅವನಿಗೆ ಸ್ಕಿಜೋಫ್ರೇನಿಯಾ ಎಂದು ತಿಳಿದದ್ದು ಎಪ್ಪತ್ತರ ದಶಕದ ಕೊನೆಗೆ, ಪುಣೆಯ ಕಾರ್ಖಾನೆ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ. ಗುಳಿಗೆಯಿಂದ ಕಿವಿಯೊಳಗಿನ ಬೈಗುಳ ಕಡಿಮೆಯಾದವು, ಬೀಡಿ ಮಾತ್ರ ಹೆಚ್ಚಾಯಿತು. ದಿನಕ್ಕೆ ಒಂದು ಕಟ್ಟು ಇದ್ದದ್ದು ಎರಡಾಯಿತು. ಗುಳಿಗೆ ನುಂಗಿದ ಮೇಲೆ ಅವನ ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. ಬೀಡಿ ಸೇದುವಷ್ಟು ಹೊತ್ತು ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತಿದ್ದ. ಪುಣೆಯ ಯೆರವಡಾದಲ್ಲಿದ್ದ ನಮ್ಮ ಸಾಲುಮನೆಗಳ ಚಾಳಿನಲ್ಲಿ ಎಲ್ಲರ ಬಾಗಿಲಿಗೂ ಆ ಹೊಗೆ. “ನಿಮ್ಮ ಮನ್ಯಾಗ ರೈಲ್ ಇಂಜಿನ್ ಅದೇನ್ರಿ?” ಎಂದು ಪಕ್ಕದ ಮನೆಯ ಕಲಬುರ್ಗಿಯಾಕೆ ನಗುತ್ತಿದ್ದಳು. ನನಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತಿತ್ತು.

ಶ್ರಾವಣ ಬಂತೆಂದರೆ ನಮ್ಮಲ್ಲಿ ಉಳ್ಳಾಗಡ್ಡಿಯೂ ಇಲ್ಲ, ತಂಬಾಕೂ ಇಲ್ಲ. ಅಣ್ಣನಿಗೆ ಮಾತ್ರ ಅವ್ವ ಸೇದಲು ಬಿಟ್ಟಿದ್ದಳು. ಒಂದು ವರ್ಷ ನಾನೇ, “ಇವಂದೂ ಬಿಡಸೂಣು” ಎಂದೆ. ಅವನ ಬೀಡಿ, ಕಡ್ಡಿಪೆಟ್ಟಿಗೆ ತೆಗೆದು ದೇವರ ಮಾಡದಲ್ಲಿಟ್ಟೆ. ಅಲ್ಲಿ ಅವನು ಕೈ ಹಾಕುವುದಿಲ್ಲವೆಂದು ಗೊತ್ತಿತ್ತು.

ಎರಡು ದಿನ, “ಒಂದಽ ಒಂದು ಕೊಡವಾ” ಎಂದು ನನ್ನ ಹಿಂದೆ ತಿರುಗಿದ. ಆಮೇಲೆ ಕೇಳುವುದನ್ನು ಬಿಟ್ಟ. ಗುಳಿಗೆ ತಪ್ಪದೆ ಕೊಟ್ಟೆ. ಎರಡನೆಯ ವಾರಕ್ಕೆ ಕುತ್ತಿಗೆ ಸೆಟೆಯಿತು, ಜೊಲ್ಲು ಸುರಿಯತೊಡಗಿತು, ಕೂತಲ್ಲೇ ತೂಕಡಿಸುತ್ತಿದ್ದ.

“ಎಷ್ಟು ಶಾಂತ ಆಗ್ಯಾನ ನೋಡು,” ಎಂದಳು ಅವ್ವ. ನಾನೂ ಹಿಗ್ಗಿದೆ.

ಅನ್ನದ ತುತ್ತು ಬಾಯಲ್ಲೇ ನಿಂತ ದಿನ ಹೆದರಿ ಶಿವಾಜಿನಗರದ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಧಾರವಾಡದ ಕಡೆಯವರು.

“ಬೀಡಿ ಬಿಟ್ಟಾನೇನವಾ?”

“ಹೌದ್ರಿ.”

“ಯಾರು ಬಿಡಿಸಿದ್ರು?”

“ತಾನಽ ಬಿಟ್ಟಾನ್ರಿ,” ಎಂದೆ.

ಡಾಕ್ಟರು ಅವನ ಕಡೆ ತಿರುಗಿದರು. “ಹೊಗಿ ಸೇದಾವ್ರ ಮೈಯಾಗ ಈ ಔಷಧ ಲಗೂ ಕರಗಿ ಹೋಗ್ತದಪಾ. ಒಮ್ಮೆಲೇ ಬಿಟ್ರ ಅಷ್ಟಽ ಗುಳಿಗಿ ಹೆಚ್ಚಾಗಿ ಬಡೀತದ. ನನಗ ಹೇಳಬಾರದಽ? ಶಾಣ್ಯಾ ಇದ್ದಿ!”

ಅಣ್ಣ ನನ್ನತ್ತ ನೋಡಿದ. ಆಮೇಲೆ ಸೆಟೆದ ಕುತ್ತಿಗೆಯನ್ನೇ ಕಷ್ಟಪಟ್ಟು ಆಡಿಸಿ, ಹೌದೆಂದು ಒಪ್ಪಿಕೊಂಡ.

ಗುಳಿಗೆ ಕಡಿಮೆ ಮಾಡಿದ ಮೇಲೆ ನಾಲಿಗೆ ಸಡಿಲಾಯಿತು. ಡಾಕ್ಟರಿಗೆ ನಾನು ಹೇಳಿದ ಸುಳ್ಳನ್ನು ಈಗ ಅವ್ವನ ಮುಂದೆ ಹೇಳುತ್ತಾನೆಂದು ನಾನು ಹೆದರಿ ಕಾದೆ. ಹೇಳಲಿಲ್ಲ. ಶ್ರಾವಣ ಮುಗಿದು ಬೀಡಿ ಮತ್ತೆ ಕೊಟ್ಟಾಗ, ಹಚ್ಚುವ ಮೊದಲು ನನ್ನನ್ನು ಕೇಳಿದ: “ತಂಗಿ, ಸೇದಲೇನು?”

ಅಂದಿನಿಂದ ಪ್ರತಿ ಬೀಡಿಗೂ ಕೇಳುತ್ತಿದ್ದ. ನಾನು “ಹೂಂ” ಎನ್ನುತ್ತಿದ್ದೆ. ಕೇಳಬೇಡವೆಂದು ಒಂದು ದಿನವೂ ಹೇಳಲಿಲ್ಲ.