ಅಮ್ಮ ಹೊಲಿದ ಚೀಲ

ಕುವಾಬಾರಾ ಹಿಸಾಯೊ ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು. ನೇರ ಹೊಲಿಗೆ ಅವಳಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು. ಆದರೆ ಹೊಟ್ಟೆ ತುಂಬಿಸುತ್ತಿದ್ದದ್ದು ಸೊಟ್ಟ ಹೊಲಿಗೆ. ಟೋಕಿಯೋದ ನಮ್ಮ ಬೀದಿಯಲ್ಲಿ ಅವಳ ಅಂಗಡಿಗೆ ಅಂಟಿಕೊಂಡೇ ನನ್ನ ತೋಫು ಅಂಗಡಿ. ನಡುವೆ ಇರುವುದು ತೆಳ್ಳನೆಯ ಹಲಗೆ ಗೋಡೆ, ಹಾಗಾಗಿ ಅಲ್ಲಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ.

ಗುಡ್ಡದ ಮೇಲೆ ಹೆಣ್ಣುಮಕ್ಕಳ ಶಾಲೆಯೊಂದಿದೆ. ಒಂದನೇ ತರಗತಿಗೆ ನಲವತ್ತು ಸೀಟು, ಅರ್ಜಿ ಐನೂರರ ಹತ್ತಿರ. ನವೆಂಬರಿನ ಪರೀಕ್ಷೆಯಲ್ಲಿ ಆರು ವರ್ಷದ ಮಕ್ಕಳು ಚಾಪ್‌ಸ್ಟಿಕ್ಕಿನಿಂದ ಸೋಯಾ ಕಾಳು ಎತ್ತಿಡಬೇಕು, ಬೆನ್ನ ಹಿಂದೆ ಕೈಯಿಟ್ಟು ಏಪ್ರನ್ನಿನ ಲಾಡಿ ಕಟ್ಟಿಕೊಳ್ಳಬೇಕು. ಕೊನೆಗೆ ಸಂದರ್ಶನ. ಅಲ್ಲಿ ಹಿರಿಯ ಶಿಕ್ಷಕಿ ಮಗುವಿನ ಕೈಚೀಲ ಮುಟ್ಟಿ ನೋಡಿ, "ಇದನ್ನ ಯಾರಮ್ಮ ಹೊಲಿದಿದ್ದು?" ಎಂದು ಕೇಳುತ್ತಾರೆಂಬುದು ಊರಿಗೆಲ್ಲ ಗೊತ್ತು. ಶಾಲೆಗೆ ಅಮ್ಮನೇ ಹೊಲಿದ ಚೀಲ ಬೇಕು. ಸೂಜಿಗೆ ದಾರ ಪೋಣಿಸಲೂ ಬಾರದ ಅಮ್ಮಂದಿರು ಕದ್ದುಮುಚ್ಚಿ ಹಿಸಾಯೊ ಹತ್ತಿರ ಬರುತ್ತಿದ್ದರು. ಮೂಲೆಯಲ್ಲಿ ಹೊಲಿಗೆ ಒಂದಿಷ್ಟು ಓರೆ, ಒಂದು ಹಿಡಿಕೆ ತುಸು ಗಿಡ್ಡ, ಹೀಗೆ ಬಾರದ ಕೈ ಕಷ್ಟಪಟ್ಟು ಹೊಲಿದಂತೆಯೇ ಅವಳು ಹೊಲಿದು ಕೊಡುತ್ತಿದ್ದಳು.

ಅವಳದು ಒಂದೇ ಕಟ್ಟುನಿಟ್ಟು. ಮಗುವನ್ನು ಅಂಗಡಿಗೆ ಕರೆತರುವಂತಿಲ್ಲ.

"ಮಗು ನೋಡದೇ ಇದ್ರೆ ಅದು ಸುಳ್ಳು ಹೇಳಿದ ಹಾಗಾಗಲ್ಲ. ಸುಳ್ಳೆಲ್ಲ ದೊಡ್ಡೋರ ತಲೆ ಮೇಲೇ ಇರ್ಲಿ," ಎನ್ನುತ್ತಿದ್ದಳು.

"ಆಹಾ, ಎಂಥಾ ನ್ಯಾಯ ನಿಂದು!" ಎಂದು ನಾನು ಛೇಡಿಸುತ್ತಿದ್ದೆ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ರಿತ್ಸುಕೊ ಎಂಬ ನರ್ಸ್ ಬಂದಳು, ಮಗಳು ಕೊಹಾರುವಿನ ಕೈ ಹಿಡಿದುಕೊಂಡೇ. ಗಂಡನಿಗೆ ದೂರದೂರಿನ ಕೆಲಸ, ಮಗುವನ್ನು ಬಿಡಲು ಜಾಗವಿಲ್ಲ. ವಾಪಸು ಕಳಿಸಬೇಕಿದ್ದ ಹಿಸಾಯೊ, "ಇದೊಂದ್ಸಲ," ಎಂದುಬಿಟ್ಟಳು. ಮೂರು ಶನಿವಾರ ಕೊಹಾರು ಆ ಅಂಗಡಿಯಲ್ಲೇ ಇದ್ದಳು. ಅಯಸ್ಕಾಂತದಿಂದ ಗುಂಡುಪಿನ್ನು ಹೆಕ್ಕಿದಳು. ಚೀಲದ ಒಳಬಟ್ಟೆಗೆ ಕೆಂಪು ದಾರದಲ್ಲಿ ತಾನೇ ನಾಲ್ಕು ಹೊಲಿಗೆ ಹಾಕಿದಳು.

"ಅಜ್ಜೀ, ನಿಂದೇ ಸೊಟ್ಟ. ನಂದು ನೋಡು ಎಷ್ಟು ನೆಟ್ಟಗಿದೆ!"

ಹಿಸಾಯೊಗೆ ಮಕ್ಕಳಿರಲಿಲ್ಲ. ಅವಳು ಗಟ್ಟಿಯಾಗಿ ನಗುವುದನ್ನು ಆ ಗೋಡೆಯಾಚೆಯಿಂದ ನಾನು ಮೊದಲ ಬಾರಿಗೆ ಕೇಳಿದ್ದು ಆಗಲೇ.

ಮೂರನೇ ಶನಿವಾರ ರಿತ್ಸುಕೊ ಚೀಲ ತೆಗೆದುಕೊಂಡು ಮಗಳನ್ನು ಎದುರಿಗೆ ಕೂರಿಸಿಕೊಂಡಳು. ನಾನೂ ಅಲ್ಲೇ ತೋಫು ಕೊಡಲು ಬಂದು ನಿಂತಿದ್ದೆ.

"ಯಾರು ಹೊಲಿದಿದ್ದು ಅಂತ ಟೀಚರ್ ಕೇಳಿದ್ರೆ?"

"ಅಜ್ಜಿ."

"ಅಲ್ಲ ಕೊಹಾರು. ಅಮ್ಮ ಅನ್ಬೇಕು."

"ನೀನು ಹೊಲಿದಿಲ್ವಲ್ಲಮ್ಮ?"

ರಿತ್ಸುಕೊ ಅತ್ತೇಬಿಟ್ಟಳು. "ಹನ್ನೆರಡು ಮಕ್ಕಳಲ್ಲಿ ಒಬ್ಬಳಿಗೆ ಸಿಗೋದು, ಹಿಸಾಯೊ-ಸಾನ್. ಎರಡು ವರ್ಷದಿಂದ ನಿದ್ದೆಗೆಟ್ಟು ತಯಾರಿ ಮಾಡಿಸಿದೀನಿ. ಈ ಒಂದು ಮಾತಿಂದ ಹೋಗ್ಬಿಟ್ರೆ?"

ಮಗು ಹಿಸಾಯೊಳ ಮುಖ ನೋಡಿತು. ಅಮ್ಮನ ಮಾತಿಗಿಂತ ಅಜ್ಜಿಯ ಮಾತಿಗೆ ಕಾಯುತ್ತಿತ್ತು. ಹಿಸಾಯೊ ಬಗ್ಗಿ ಅದರ ಕಾಲರ್ ಸರಿಮಾಡಿದಳು.

"ಅಮ್ಮ ಹೇಳಿದ ಹಾಗೇ ಹೇಳು ಪುಟ್ಟಿ. ಈ ಅಜ್ಜಿನ ನೀನು ನೋಡೇ ಇಲ್ಲ ಅನ್ಕೋ."

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ನಿನ್ನ ಕಟ್ಟುನಿಟ್ಟೆಲ್ಲ ಎಲ್ಲಿ ಹೋಯ್ತೇ?" ಎಂದೆ.

"ಆ ತಾಯಿ ಮುಖ ನೋಡಿದ್ಯಾ ನೀನು?" ಎಂದಳು. ನೋಡಿದ್ದೆ, ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ಕೊಹಾರುಗೆ ಸೀಟು ಸಿಕ್ಕಿತು. ರಿತ್ಸುಕೊ ಸಿಹಿ ಡಬ್ಬಿ ಹಿಡಿದು ಒಬ್ಬಳೇ ಬಂದು, ಬಗ್ಗಿ ವಂದಿಸಿ ಹೋದಳು. ಡಬ್ಬಿಯಲ್ಲಿ ಒಂದನ್ನು ಹಿಸಾಯೊ ಮಗುವಿಗೆಂದು ಎತ್ತಿಟ್ಟಳು. ಅದು ಒಣಗಿಹೋಯಿತು.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೂ ಅಂಗಡಿ ಮುಂದೆ ಸೌಟಿನಿಂದ ನೀರು ಚಿಮುಕಿಸುತ್ತಿದ್ದೆವು. ಕೊಹಾರು ಸಮವಸ್ತ್ರದಲ್ಲಿ ಗೆಳತಿಯೊಬ್ಬಳ ಜೊತೆ ಬರುತ್ತಿದ್ದಳು, ಕೈಯಲ್ಲಿ ಅದೇ ಚೀಲ. ಹಿಸಾಯೊಳ ಮುಖ ಅರಳಿತು, ಕೈ ಎತ್ತಿದಳು.

"ಯಾರೇ ಅದು?" ಎಂದಳು ಗೆಳತಿ.

"ಗೊತ್ತಿಲ್ಲ," ಎಂದಳು ಕೊಹಾರು. ಆಮೇಲೆ ಹಿಮ್ಮಡಿ ಜೋಡಿಸಿ, ಕಲಿಸಿದ ಹಾಗೇ ಬಗ್ಗಿದಳು. "ನಮಸ್ಕಾರ. ನಾನು ಕೊಹಾರು ಅಂತ. ನಿಮ್ಮನ್ನ ಮೊದಲ್ನೇ ಸಲ ನೋಡ್ತಿದೀನಿ."

ನಾನು ಬಾಯಿ ತೆರೆದೆ. ಹಿಸಾಯೊ ನನ್ನ ತೋಳು ಹಿಡಿದಳು. ಸೌಟು ಕೆಳಗಿಟ್ಟು, ಮಗುವಿಗಿಂತ ಆಳವಾಗಿ ಬಗ್ಗಿದಳು.

"ನಾನು ಕುವಾಬಾರಾ. ಇಲ್ಲೇ ಹೊಲಿಗೆ ಅಂಗಡಿ ನಂದು." ಅಷ್ಟಕ್ಕೆ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. "ಚೀಲ ಚೆನ್ನಾಗಿದೆ. ಯಾರು ಹೊಲಿದಿದ್ದು?"

"ಅಮ್ಮ," ಎಂದಳು ಕೊಹಾರು, ಕಣ್ಣು ಮಿಟುಕಿಸದೆ.

"ಚೆನ್ನಾಗಿ ಹೊಲಿದಿದಾರೆ," ಎಂದಳು ಹಿಸಾಯೊ.

ಮಕ್ಕಳು ತಿರುವು ದಾಟುವವರೆಗೂ ನಿಂತು, ಆಮೇಲೆ ಒಳಗೆ ಹೋದಳು. ಅವತ್ತಿಡೀ ಗೋಡೆಯಾಚೆ ಯಂತ್ರದ ಸದ್ದು ಕೇಳಲಿಲ್ಲ.