ಖಾಲಿ ಬಸ್ಸಿನಲ್ಲಿ ಸಮಾಜ ಪಾಠ

ನನ್ನ ಹೆಂಡತಿಯ ಅಣ್ಣನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಬರೆಯುವ ಅಭ್ಯಾಸ ನನಗಿಲ್ಲ. ಆತ ತುಮಕೂರಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು, ಅಲ್ಲೇ ಶೆಟ್ಟಿಹಳ್ಳಿಯಲ್ಲಿ ಸ್ವಂತ ಮನೆ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ನಾನು ಹುಲಿಯೂರುದುರ್ಗದವನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಪ್ರೈವೇಟ್ ಬಸ್ಸಿಗೆ ಕ್ಲೀನರ್ ಆಗಿ ಸೇರಿ, ಬಸ್ಸು ತೊಳೆದು, ಟಾಪಿನ ಮೇಲೆ ಮೂಟೆ ಹೊತ್ತು ಹಾಕಿ ಕಂಡಕ್ಟರ್ ಆದವನು. ಅದಕ್ಕೆ ಯಾರ ಕೈಕಾಲನ್ನೂ ಹಿಡಿದಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಮ್ಮ ಮನೆ ಗುಬ್ಬಿಯಲ್ಲಿತ್ತು. ಮಗಳು ಅಲ್ಲಿಯೇ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ದಸರಾ ರಜೆಯಲ್ಲಿ ಭಾವ ಊಟಕ್ಕೆ ಬಂದವರು, ಎಲೆ ಹಾಕುವುದಕ್ಕೆ ಮೊದಲು ಅವಳ ಸಮಾಜದ ನೋಟ್ಸು ತೆಗೆದರು. ಪುಟ ತುಂಬ ಕೆಂಪು ಗೀಟು. ಊಟಕ್ಕೆ ಕೂತ ಮೇಲೂ ಅವರದು ಅದೇ ಮಾತು.

"ಏನ್ ಭಾವ ಇದು? ಜಿಲ್ಲಾಧಿಕಾರಿ ಬರೆಯಕ್ ಬರಲ್ಲ, ನ್ಯಾಯಾಲಯ ಬರೆಯಕ್ ಬರಲ್ಲ. ನಿಮ್ಮನ್ನ ಅಂದು ಏನ್ ಪ್ರಯೋಜನ ಬಿಡಿ, ನೀವು ಓದಿದ್ರೆ ತಾನೆ? ಜೂನ್‌ಗೆ ಇವಳನ್ನ ನಮ್ಮನೇಲಿ ಬಿಡಿ. ಮನುಷ್ಯಳಾಗ್ತಾಳೆ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಅಣ್ಣನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಬಿಟ್ಟಳು. ಅವಳ ಮನಸ್ಸು ಯಾವ ಕಡೆ ಇದೆ ಎಂದು ನನಗೆ ಅಷ್ಟರಲ್ಲೇ ತಿಳಿಯಿತು.

"ಸಂಕ್ರಾಂತಿಗೆ ಬನ್ನಿ ಭಾವ," ಎಂದೆ. "ಸಮಾಜದ ಪುಸ್ತಕದಾಗೆ ಯಾವ ಪದ ಬೇಕಾದ್ರೂ ಹೇಳಿ ಬರೆಸಿ. ಬರೀಲಿಲ್ಲ ಅಂದ್ರೆ ಕರ್ಕೊಂಡ್ ಹೋಗಿ, ನಾನು ಕಮಕ್ ಕಿಮಕ್ ಅನ್ನಲ್ಲ."

"ಆಮೇಲೆ ಮಾತು ಬದಲಾಯಿಸ್ಬಾರ್ದು."

"ಇದು ಕಂಡಕ್ಟರ್ ಮಾತು. ಮೇಷ್ಟ್ರ ಮಾತಲ್ಲ."

ನಮ್ಮ ಬಸ್ಸು ಹುಲಿಯೂರುದುರ್ಗದಿಂದ ಕುಣಿಗಲ್, ತುಮಕೂರಿನ ಮೇಲೆ ಗುಬ್ಬಿಗೆ ಬರುತ್ತಿತ್ತು. ಸಂಜೆ ಶಾಲೆ ಬಿಡುವ ಹೊತ್ತಿಗೆ ಗುಬ್ಬಿಯಲ್ಲಿ ಒಂದು ಗಂಟೆ ಹಾಲ್ಟ್. ಆ ಖಾಲಿ ಬಸ್ಸೇ ನನ್ನ ಶಾಲೆಯಾಯಿತು. ಮಗಳ ಜೊತೆ ನಮ್ಮ ಬೀದಿಯ ಮೂರು ನಾಲ್ಕು ಮಕ್ಕಳೂ ಸೇರಿಕೊಂಡವು. ಪಾಠ ಹೇಳುವುದು ನನಗೆ ಗೊತ್ತಿರಲಿಲ್ಲ. ಕೂಗುವುದು ಗೊತ್ತಿತ್ತು. ಬೇರೆ ಕಂಡಕ್ಟರುಗಳು ಊರಿನ ಹೆಸರನ್ನು ಅರ್ಧ ನುಂಗಿ ಅರ್ಧ ಉಗುಳುತ್ತಾರೆ. ನಾನು ಬಾಗಿಲಲ್ಲಿ ನಿಂತು ಹು–ಲಿ–ಯೂ–ರು–ದು–ರ್ಗ ಎಂದರೆ ಸ್ಟ್ಯಾಂಡಿನ ಆಚೆ ತುದಿಯ ಮುದುಕಿಗೂ ಒಂದೊಂದು ಅಕ್ಷರ ಕೇಳಬೇಕು. ಮಕ್ಕಳಿಗೂ ಅದನ್ನೇ ಹೇಳಿಕೊಟ್ಟೆ. ಪುಸ್ತಕ ನೋಡಿ ಬಾಗಿಲಲ್ಲಿ ನಿಂತು ಪದ ಕೂಗುವುದು. ಒತ್ತಕ್ಷರ ಬಂದ ಕಡೆ, ರೈಟ್ ಹೇಳುವಾಗ ಬಡಿಯುವ ಹಾಗೆ, ಬಸ್ಸಿನ ತಗಡಿಗೆ ಅಂಗೈಯಲ್ಲಿ ಒಂದು ಏಟು. ಆಮೇಲೆ ಸೀಟಿನಲ್ಲಿ ಕೂತು, ಕೂಗಿದ ಹಾಗೇ ಬರೆಯುವುದು.

"ಪ್ರಸ್ಥಭೂಮಿ, ಪ್ರಸ್ಥಭೂಮಿ! ಯಾರ್ರೀ ಇಳಿಯೋರು?" ಎಂದು ಒಂದು ಮಗು ಕೂಗಿದರೆ, "ಸಂವಿಧಾನ ಸೀಟ್ ಖಾಲಿ, ಬೇಗ ಹತ್ರಿ!" ಎಂದು ಇನ್ನೊಂದು.

ಮುಂದೆ ಕಾಲು ಚಾಚಿಕೊಂಡು ಮಲಗಿದ್ದ ನಮ್ಮ ಡ್ರೈವರ್ ಕಣ್ಣು ಬಿಡದೆಯೇ, "ಲೇ, ನ್ಯಾಯಾಲಯಕ್ಕೆ ಹೋಗೋರು ಹಿಂದಿನ ಬಾಗ್ಲಾಗ್ ಹತ್ರೋ. ಅಲ್ಲಿಗೋದೋರು ಯಾವನೂ ಬೇಗ ಇಳಿಯಾಕಿಲ್ಲ," ಎನ್ನುತ್ತಿದ್ದ.

ಸ್ಟ್ಯಾಂಡಿನ ಟೀ ಅಂಗಡಿಯವನಿಗೆ ಇದು ನಗೆಪಾಟಲು. "ನೋಡಣ್ಣ, ಬಸ್ಸಿನಾಗೆ ಕಾಲೇಜು ತೆಗ್ದವ್ನೆ," ಎಂದು ನನಗೆ ಕೇಳುವ ಹಾಗೆಯೇ ಗಿರಾಕಿಗಳಿಗೆ ಹೇಳುತ್ತಿದ್ದ. ಅಂದಿನಿಂದ ಅವನ ಅಂಗಡಿಯಲ್ಲಿ ಟೀ ಕುಡಿಯುವುದನ್ನು ಬಿಟ್ಟೆ. ಆದರೆ ಮಾರ್ಗಶಿರದ ಚಳಿ ಬರುವ ಹೊತ್ತಿಗೆ ಆ ಪುಸ್ತಕದಲ್ಲಿ ನನ್ನ ಮಗಳು ಬರೆಯಲಾರದ ಪದ ಇರಲಿಲ್ಲ. ಬರೆಯುವಾಗ ತುಟಿ ಅಲುಗುತ್ತಿತ್ತು, ಎಡಗೈ ಸೀಟಿನ ಕಂಬಿಯನ್ನು ಮೆಲ್ಲಗೆ ತಟ್ಟುತ್ತಿತ್ತು. ಅಕ್ಷರ ಮಾತ್ರ ಸಾಲಾಗಿ, ಸರಿಯಾಗಿ ಬೀಳುತ್ತಿತ್ತು.

ಸಂಕ್ರಾಂತಿಯ ದಿನ ಭಾವ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಪುಸ್ತಕ ತೆಗೆದರು. ಮೊದಲು ಸಂವಿಧಾನ ಹೇಳಿದರು. ಬರೆದಳು. ಸಾಮ್ರಾಜ್ಯ ಹೇಳಿದರು. ನೆಲಕ್ಕೆ ಒಂದೆರಡು ಏಟು ತಟ್ಟಿ ಬರೆದಳು. ಭಾವ ಬಗ್ಗಿ ನೋಡಿದರು. ಎರಡೂ ಸರಿಯಾಗಿದ್ದವು. ಆಗ ಅವರ ಮುಖ ಬಿಗಿಯಿತು.

"ಏನದು ಗೊಣಗೋದು? ನೆಲ ಯಾಕೆ ಗುದ್ದುತೀಯಾ? ಎಡಗೈ ಹಿಂದಕ್ಕಿಡು. ಬಾಯ್ ಮುಚ್ಕೊಂಡ್ ಬರಿ."

"ಅವ್ಳು ಹಂಗೇ ಬರೆಯೋದು ಭಾವ," ಎಂದೆ.

"ಪರೀಕ್ಷೆ ಹಾಲಲ್ಲಿ ಹಿಂಗ್ ಮಾಡಿದ್ರೆ ಎಬ್ಬಿಸಿ ಆಚೆಗ್ ಕಳಿಸ್ತಾರೆ. ಅದೆಲ್ಲ ನಿಮಗೆ ಗೊತ್ತಾಗಲ್ಲ, ಸುಮ್ನಿರಿ."

ಕೈ ಬೆನ್ನ ಹಿಂದೆ, ತುಟಿ ಬಿಗಿ. ಮುಂದಿನ ಪದ ಜಿಲ್ಲಾಧಿಕಾರಿ. ಮಗು ಪೆನ್ಸಿಲ್ ಊರಿಕೊಂಡು ನನ್ನನ್ನು ನೋಡಿತು. ನಾನು ಬಾಯಿ ತೆರೆಯುವ ಹಾಗಿರಲಿಲ್ಲ. ಅಲ್ಲಿಂದ ಮುಂದೆ ಒಂದು ಪದವೂ ನೆಟ್ಟಗೆ ಬರಲಿಲ್ಲ. ಕೊನೆಕೊನೆಗೆ ಬರೆಯುವುದನ್ನೇ ನಿಲ್ಲಿಸಿದಳು. ಭಾವ ಪುಸ್ತಕ ಮುಚ್ಚಿ, ತಂಗಿಯ ಕಡೆ ತಿರುಗಿ, "ಜೂನ್‌ಗೆ ಬಟ್ಟೆಬರೆ ಕಟ್ಟಿಡವ್ವ," ಎಂದರು. ನನಗೆ ಹೇಳಲಿಲ್ಲ.

ಕ್ಲಾಸು ಪೂರ್ತಿ ರಾಗ ಎಳೆದು ಮಗ್ಗಿ ಹೇಳಿಸುವ ಮೇಷ್ಟ್ರಿಗೆ ಕೂಗಿ ಕಲಿಯುವುದು ಏನೆಂದು ಗೊತ್ತಿಲ್ಲದೆ ಏನು? ಗೊತ್ತಿತ್ತು. ಎರಡು ಪದ ಸರಿಯಾದ ಮೇಲೆ ತಾನೆ ಬಾಯಿ ಮುಚ್ಚಿಸಿದ್ದು? ನನ್ನ ರೀತಿಯಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಅದೇ ಹೇಳುತ್ತೇನೆ.

ಅಂದು ಹೆಂಡತಿಯನ್ನು, "ನೀನೂ ನೋಡ್ದೆ ತಾನೆ?" ಎಂದು ಕೇಳಿದೆ.

"ನೋಡ್ದೆ. ಮಾತು ಕೊಟ್ಟೋರು ನೀವೇ ಅಲ್ವ?" ಎಂದಳು.

ಜೂನ್‌ನಲ್ಲಿ ನಮ್ಮ ಬಸ್ಸಿನಲ್ಲೇ ಮಗಳನ್ನು ತುಮಕೂರಿಗೆ ಕರೆದುಕೊಂಡು ಹೋದೆ. ಗುಬ್ಬಿ ರಸ್ತೆಯಿಂದ ಊರೊಳಗೆ ಬರುವಾಗ, "ಅಪ್ಪ, ನಾನ್ ಫೇಲಾ?" ಎಂದು ಕೇಳಿದಳು.

"ಇಲ್ಲ ಕಣವ್ವ. ನಿಮ್ಮಾವ ಫೇಲು."

ಶೆಟ್ಟಿಹಳ್ಳಿಯ ಮನೆಯ ಗೇಟಿನಲ್ಲಿ ಟ್ರಂಕ್ ಇಳಿಸಿದೆ. ಭಾವನ ಹೆಂಡತಿ ಕಾಫಿ ಲೋಟ ಹಿಡಿದು ಬಂದು, "ಒಳಗ್ ಬನ್ನಿ ಅಣ್ಣ, ಆರೋಗುತ್ತೆ," ಎಂದರು.

"ಆರ್ಲಿ ಬುಡಿ."

ಏಳನೇ ಕ್ಲಾಸು ಮುಗಿಯುವ ತನಕ ಮಗಳು ಅಲ್ಲೇ ಇದ್ದಳು, ಚೆನ್ನಾಗಿ ಓದಿದಳು. ಮಾವನ ಕೈಗುಣ ಎಂದು ನೆಂಟರೆಲ್ಲ ಹೊಗಳಿದರು. ಭಾನುವಾರ ಬಿಡುವು ಸಿಕ್ಕರೆ ಹೋಗುತ್ತಿದ್ದೆ. ಎದುರಿನ ಮೋರಿ ಕಟ್ಟೆಯ ಮೇಲೆ ಕೂತು ಅವಳನ್ನು ಆಚೆ ಕರೆಸಿ ಮಾತಾಡಿಸಿ ಬರುತ್ತಿದ್ದೆ. ಆ ಗೇಟು ದಾಟಿ ಇವತ್ತಿನವರೆಗೂ ಒಳಗೆ ಕಾಲಿಟ್ಟಿಲ್ಲ. ಹೆಂಡತಿ ಇದನ್ನು ಜಿದ್ದು ಎನ್ನುತ್ತಾಳೆ. ಹೌದು, ಜಿದ್ದೇ.