ದೊಡ್ಡಪ್ಪ ಸಭೆಯಲ್ಲಿ ಹೇಳಿದ್ದು

ದೊಡ್ಡಪ್ಪನ ಬಲ ಮುಂಗೈ ಮೇಲೆ ಹಲ್ಲಿನ ಗುರುತುಗಳಿದ್ದವು. ಹಳೆಯವು ಕಪ್ಪಾಗಿ, ಹೊಸವು ಇನ್ನೂ ಕೆಂಪಾಗಿ. ಸ್ನಾನ ಮಾಡಿಸಲು ಹೋದಾಗಲೆಲ್ಲ ದೊಡ್ಡವ್ವ ಕಚ್ಚುತ್ತಿದ್ದಳು. ಯಾರಾದರೂ ನೋಡಿದರೆ ಅಂಗಿಯ ತೋಳನ್ನು ಕೆಳಗೆಳೆದುಕೊಂಡು, "ಆಕಿ ಹಲ್ಲು ಇನ್ನೂ ಗಟ್ಟಿ ಅದಾವ" ಎಂದು ನಗುತ್ತಿದ್ದರು.

ಹುಬ್ಬಳ್ಳಿಯಿಂದ ರೈಲ್ವೆ ನೌಕರಿಗೆಂದು ಮದರಾಸಿಗೆ ಬಂದವರು, ನಿವೃತ್ತರಾದ ಮೇಲೆ ಅಲ್ಲೇ ಪಲ್ಲಾವರಂನಲ್ಲಿ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಮಕ್ಕಳಿರಲಿಲ್ಲ. ನಾನು ಅವರ ತಮ್ಮನ ಮಗಳು. ಅದೇ ಊರಿನ ಪ್ಯಾರೀಸ್ ಕಾರ್ನರ್‌ನ ಬ್ಯಾಂಕೊಂದರಲ್ಲಿ ಕೆಲಸ, ಭಾನುವಾರ ಹೋಗಿಬರುತ್ತಿದ್ದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ದೊಡ್ಡವ್ವನಿಗೆ ಮರೆವಿನ ರೋಗ ಹಿಡಿಯಿತು. ಮೊದಲು ಹೋದದ್ದು ಅಷ್ಟು ವರ್ಷ ಆಡಿದ ತಮಿಳು. ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿ, ಯಾರಿಗೂ ತಿಳಿಯದೆ, ಅಳುತ್ತ ನಿಂತಿದ್ದಳಂತೆ. ಆಮೇಲೆ ಗಂಡನ ಗುರುತೂ ಹೋಯಿತು. "ನಮ್ಮನಿಯವರು ಡ್ಯೂಟಿಯಿಂದ ಬರೂ ಹೊತ್ತಾತು, ನೀವು ಹೋಗ್ರಿ" ಎಂದು ಅವರನ್ನೇ ಹೊರಗೆ ಕಳಿಸುತ್ತಿದ್ದಳು. ದೊಡ್ಡಪ್ಪ ವಾದಿಸುತ್ತಿರಲಿಲ್ಲ. ಮೆಟ್ಟಿಲ ಮೇಲೆ ತುಸು ಹೊತ್ತು ಕೂತು, ಕೆಮ್ಮಿ, ಬಾಗಿಲು ತಟ್ಟಿ, ಡ್ಯೂಟಿ ಮುಗಿಸಿ ಬಂದವರಂತೆ ಒಳಗೆ ಬರುತ್ತಿದ್ದರು. ಆಕೆ ನೀರು ತಂದುಕೊಡುತ್ತಿದ್ದಳು.

ಇಂಥ ರೋಗಿಗಳನ್ನು ಮನೆಗೇ ಬಂದು ನೋಡುವ ಸಂಸ್ಥೆಯೊಂದು ಇದೆ ಎಂದು ತಿಳಿದು ಹೆಸರು ಕೊಟ್ಟೆವು. ವಾರಕ್ಕೆರಡು ಬೆಳಿಗ್ಗೆ ಕನ್ನಡ ಬಲ್ಲ ನರ್ಸಮ್ಮನೊಬ್ಬರು ಬರತೊಡಗಿದರು. ತಂಬಿಗೆಯನ್ನು ದೊಡ್ಡವ್ವನ ಕೈಗೇ ಕೊಟ್ಟು, ಮಾತಾಡಿಸುತ್ತ ಮೀಯಿಸುವುದನ್ನು ದೊಡ್ಡಪ್ಪನಿಗೆ ಕಲಿಸಿದರು. ಅವರಿದ್ದಷ್ಟು ಹೊತ್ತು ದೊಡ್ಡಪ್ಪ ಒಳಕೋಣೆಯಲ್ಲಿ ಮೈಮರೆತು ನಿದ್ದೆ ಮಾಡುತ್ತಿದ್ದರು. ಮುಂಗೈ ಮಾಯಿತು. ದಿನಾ ಗಡ್ಡ ಹೆರೆದುಕೊಳ್ಳುವ ರೂಢಿ ಮರಳಿತು.

ಎರಡು ವರ್ಷದ ಮೇಲೆ, ಸಂಸ್ಥೆಗೆ ಹಣ ಕೊಡುತ್ತಿದ್ದವರು ಸಭೆ ಕರೆದರು. ಮನೆಮನೆಗೆ ಹೋಗುವ ಖರ್ಚಿಗೆ ತಕ್ಕ ಫಲ ಇದೆಯೇ ಎಂಬುದು ಅವರಿಗೆ ತಿಳಿಯಬೇಕಿತ್ತು. ರೋಗಿಗಳ ನೆನಪಿನ ಪರೀಕ್ಷೆಯಲ್ಲಿ ಸುಧಾರಣೆಯೇ ಕಂಡಿಲ್ಲ ಎಂದು ಅಧಿಕಾರಿಯೊಬ್ಬರು ತಮಿಳಿನಲ್ಲಿ, ನೋಯಿಸದ ದನಿಯಲ್ಲಿ ಹೇಳಿದರು. ಮನೆಯವರು ಮಾತಾಡಬಹುದು ಎಂದಾಗ ದೊಡ್ಡಪ್ಪ ಎದ್ದುನಿಂತರು. ತಮಿಳಿನಲ್ಲೇ ಶುರುಮಾಡಿದವರು ನಡುವೆ ತಡವರಿಸಿ, ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ತಿರುಗಿದರು.

"ಆಕಿ ಸುಧಾರಿಸೂದಿಲ್ಲ, ನನಗ ಗೊತ್ತೈತಿ. ಈ ನರ್ಸಮ್ಮ ಬರೂಕಿಂತ ಮೊದಲ ನಾ ಆಕಿನ್ನ ಹೊಡದೇನಿ. ನಿದ್ದಿಲ್ದ ತಲಿ ಕೆಟ್ಟು ಹೊಡದೇನಿ. ಇವರು ಬಂದ ಮ್ಯಾಲೆ ಹೊಡದಿಲ್ಲ. ಅದನ್ನ ಹೇಳು ಅವರಿಗೆ."

ಅದನ್ನು ತಮಿಳಿನಲ್ಲಿ ಸಭೆಗೆ ಹೇಳಿದವಳು ನಾನು. ಅಧಿಕಾರಿ ಮುಂದಿದ್ದ ಪರೀಕ್ಷೆಯ ಹಾಳೆಗಳನ್ನು ಮತ್ತೊಮ್ಮೆ ತಿರುವಿ ನೋಡಿದರು. ಆಮೇಲೆ, ನಮ್ಮ ಲೆಕ್ಕದಲ್ಲಿರುವುದು ರೋಗಿ ಮಾತ್ರ, ನೋಡಿಕೊಳ್ಳುವವರಿಗೆ ಏನಾಯಿತೆಂದು ನಾವು ಕೇಳಿಯೇ ಇರಲಿಲ್ಲ ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ನನ್ನ ಮುಖ ನೋಡಲಿಲ್ಲ. ನಿಮ್ಮಪ್ಪನಿಗೆ ಇದನ್ನು ಹೇಳಬೇಡ ಎಂದಷ್ಟೇ ಅಂದರು.

ಆದರೂ ಮನೆಗೆ ಬರುವ ಖರ್ಚಿಗೆ ಹಣ ಸಿಗಲಿಲ್ಲ; ಕೆಲವು ತಿಂಗಳಲ್ಲಿ ನರ್ಸಮ್ಮ ಬರುವುದು ನಿಂತಿತು. ಕೂಲಿಗೆ ಹೆಂಗಸರನ್ನು ಇಟ್ಟು ನೋಡಿದೆವು; ಮಾತು ತಿಳಿಯದೆ, ಕಚ್ಚಿಸಿಕೊಂಡು, ಬಿಟ್ಟುಹೋದರು. ಇಬ್ಬರೂ ನನ್ನ ಮನೆಗೆ ಬನ್ನಿ ಎಂದರೆ, ಹೊಸ ಗೋಡೆ ಕಂಡರೆ ಆಕೆ ಹೆದರುತ್ತಾಳೆ ಎಂದು ದೊಡ್ಡಪ್ಪ ಒಪ್ಪಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವರಿಗೆ ಎದೆನೋವು ಬಂತು. ಡಾಕ್ಟರು ಆಸ್ಪತ್ರೆ ಸೇರಲು ಹೇಳಿದ್ದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಆಕೆಯನ್ನು ಬಿಟ್ಟು ಅವರಾದರೂ ಎಲ್ಲಿಗೆ ಹೋದಾರು? ಒಂದು ಬೆಳಿಗ್ಗೆ ಆಕೆಗೆ ತಲೆ ಬಾಚುತ್ತ ಕೂತವರು ಹಾಗೆಯೇ ಒರಗಿಬಿಟ್ಟರು.

ಕೆಳಗಿನ ಮನೆಯವರು ಫೋನ್ ಮಾಡಿದರು. ನಾನು ಹೋಗುವಷ್ಟರಲ್ಲಿ ಅವರನ್ನು ಚಾಪೆಯ ಮೇಲೆ ಮಲಗಿಸಿದ್ದರು. ಅರ್ಧ ಹೆಣೆದ ಜಡೆಯಲ್ಲೇ ದೊಡ್ಡವ್ವ ಪಕ್ಕದಲ್ಲಿ ಕೂತಿದ್ದಳು. ನಾನು ಬಿಕ್ಕಿ ಅಳತೊಡಗಿದಾಗ ನನ್ನ ತೋಳು ಹಿಡಿದು, ಮೆಲ್ಲಗೆ ಹೇಳಿದಳು:

"ಯಾರೋ ಏನೋ, ಪಾಪ. ಭಾಳ ದಣದಾರ. ಎಬ್ಬಿಸಬ್ಯಾಡ."